ಪೆರೇಡಿಗೆ ನೀನು ಬರುವಂತಿಲ್ಲ

ಪುರವರ
12 ಜುಲೈ 2024

ಮಾನಸಾ,

ಟ್ರೈನಿಂಗ್ ಶಾಲೆಯವರು ನಿನ್ನ ಫೋನ್ ಇಸಿದುಕೊಂಡು ಭಾನುವಾರ ಅರ್ಧ ಗಂಟೆ ಮಾತ್ರ ಕೊಡುತ್ತಾರೆ. ಆ ಅರ್ಧ ಗಂಟೆಯನ್ನು ನಿನ್ನ ಮಗಳೇ ನುಂಗುತ್ತಾಳೆ. ನಾನು ಕೈ ಚಾಚುವಷ್ಟರಲ್ಲಿ ಆ ಕಡೆ ಸೀಟಿ ಊದಿಬಿಡುತ್ತಾರೆ. ದೇರ್‌ಫೋರ್ ಈ ಕಾಗದ. ಇನ್‌ಲ್ಯಾಂಡ್ ಲೆಟರ್ ಕೊಡಮ್ಮ ಎಂದರೆ ಪೋಸ್ಟಾಫೀಸಿನ ಹುಡುಗಿ ಬೀರುವೆಲ್ಲ ತಡಕಾಡಿ, ಧೂಳು ಊದಿ ಕೊಟ್ಟಳು.

ಮೊಣಕಾಲು ಹಾಗೇ ಇದೆ. ಮಳೆ ಬರುವ ಹಾಗೆ ಮಾಡಿ ಹೋಯಿತು. ಈಗ ಅಸಲು ವಿಷಯ, ರಸ್ತೆ.

ಮಗು ನಿನ್ನ ಹೊಟ್ಟೆಯಲ್ಲಿದ್ದಾಗಲೇ ನಿಮ್ಮಮ್ಮ ಹೋದಳು. ಅದಕ್ಕೇ ಹುಟ್ಟಿದ ಮಗುವಿಗೆ ಶಿವಲಕ್ಷ್ಮಿ ಎಂದೇ ಇಟ್ಟೆವು. ಹೆಸರಿಗೆ ಹೆಸರು, ಅಲ್ಲಿಗೆ ಮುಗಿಯಬೇಕಿತ್ತು. ನಮ್ಮ ಬೀದಿಗೆ ಮುಗಿದಿಲ್ಲ. ಸತ್ತವಳೇ ತಿರುಗಿ ಬಂದಿದ್ದಾಳೆ ಎಂದು ಎಲ್ಲರ ನಂಬಿಕೆ. ಅವಳನ್ನು ಬೈಯುವಂತಿಲ್ಲ, ಹೆಸರು ಹಿಡಿದು ಗದರುವಂತಿಲ್ಲ, ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ಪಕ್ಕದ ಮನೆಯ ಹನುಮಕ್ಕ ಐದು ವರ್ಷದ ಮಗುವನ್ನು ‘ಅಕ್ಕ’ ಎನ್ನುತ್ತಾಳೆ. ಮೊನ್ನೆ ತನ್ನ ಸೊಂಟನೋವು ಯಾವಾಗ ಹೋಗುತ್ತದೆ ಎಂದು ಅವಳನ್ನೇ ಕೇಳುತ್ತಿದ್ದಳು. ಇವಳು ಸೊಂಟದ ಮೇಲೆ ಕೈಯಿಟ್ಟು, “ನಾಳೆ” ಎಂದಳು. ಹನುಮಕ್ಕನ ಕಣ್ಣಲ್ಲಿ ನೀರು.

ರಸ್ತೆಯ ಆಚೆ ಜಯಣ್ಣನ ಅಂಗಡಿ. ಇವಳು ನನ್ನ ಕೈ ಕಿತ್ತುಕೊಂಡು ದಾಟಿ ಓಡುತ್ತಾಳೆ. ಅವನು “ಬಂದ್ಯಾ ಅವ್ವ” ಎಂದು ಕಂಬರ್‌ಕಟ್ ಮಿಠಾಯಿ ಕೊಟ್ಟು ಕಳಿಸುತ್ತಾನೆ. ಇಲ್ಲಿ ಹಿಂದೂಪುರದ ಕಡೆಯ ಲಾರಿಗಳು ಹೇಗೆ ಬರುತ್ತವೆ ಎಂದು ನಿನಗೆ ಗೊತ್ತು. ನಾನು ಗದರಿದರೆ ಹನುಮಕ್ಕ ಅವಳ ಹಿಂದೆ ಬಂದು ನಿಲ್ಲುತ್ತಾಳೆ.

“ಯಾರನ್ನ ಬೈತಿದೀಯ ಗೊತ್ತೇನಣ್ಣ? ನಮ್ಮಕ್ಕ ಬದುಕಿದ್ದಾಗ ಹಿಂಗೆ ಬಾಯಿ ತೆಗೆದಿದ್ಯಾ?”

“ಬದುಕಿದ್ದಾಗ ಅವ್ಳು ರೋಡ್ ಮಧ್ಯೆ ಓಡ್ತಿರ್ಲಿಲ್ಲ ಕಣಮ್ಮ.”

ಹೋಗುವ ಮುಂಚೆ ನೀನು ಹೇಳಿದ್ದು ನನಗೆ ನೆನಪಿದೆ. “ಗುಮ್ಮ ಬರ್ತಾನೆ, ಪೊಲೀಸ್ ಹಿಡ್ಕೊಂಡು ಹೋಗ್ತಾರೆ ಅಂತೆಲ್ಲ ಹೆದರಿಸಬೇಡಪ್ಪ, ನಾನೇ ಪೊಲೀಸ್ ಆಗ್ತಿದೀನಿ. ಮಾಡೋದನ್ನ ಮಾತ್ರ ಹೇಳು, ಹೇಳಿದ್ದನ್ನ ಮಾಡು.” ಹಾಗೇ ನಡೆಸುತ್ತಿದ್ದೇನೆ. ಒಬ್ಬಳೇ ದಾಟಿದ ದಿನ ಸಂಜೆ ಆಟವಿಲ್ಲ, ಜಗಲಿಯ ಮೇಲೆ ಕೂರಬೇಕು. ಮೊದಲ ದಿನ ಹನುಮಕ್ಕ ಬಂದು ಪಕ್ಕದಲ್ಲಿ ಕೂತು ಶಿಕ್ಷೆ ಹಂಚಿಕೊಂಡಳು.

ಡಿಸಿಪ್ಲಿನ್ ಈಸ್ ದಿ ಬ್ಯಾಕ್‌ಬೋನ್ ಆಫ್, ಯಾವುದರದೋ. ಶಿರಾದಲ್ಲಿ ಬಿ.ಎ. ಓದುವಾಗ ಈ ಎಸ್ಸೆ ಬಾಯಿಪಾಠ ಮಾಡಿದ್ದೆ. ಬೆನ್ನೆಲುಬು ನೆನಪಿದೆ, ಯಾರ ಬೆನ್ನು ಎಂಬುದು ಹೋಗಿದೆ.

ಊಟ ಸರಿಯಾಗಿ ಮಾಡು.

ನಿನ್ನ ಅಪ್ಪ
ಸಿದ್ದಗಂಗಯ್ಯ


ಟ್ರೈನಿಂಗ್ ಶಾಲೆ
4 ಆಗಸ್ಟ್ 2024

ಅಪ್ಪಾ,

ಇಲ್ಲಿ ಬೇರೆ ಯಾರಿಗೂ ಕಾಗದ ಬರುವುದಿಲ್ಲ. ನನ್ನ ಹೆಸರು ಕೂಗಿ ಕೊಟ್ಟಾಗ ರೂಮಿನವರೆಲ್ಲ ಸಾವಿನ ಸುದ್ದಿ ಎಂದುಕೊಂಡು ಸುತ್ತ ನಿಂತರು. ಓದಿ ಹೇಳಿದೆ. ಹನುಮಕ್ಕ ಜಗಲಿಯ ಮೇಲೆ ಕೂತದ್ದಕ್ಕೆ ತುಂಬ ನಕ್ಕರು.

ನೀನು ಮಾಡುತ್ತಿರುವುದೇ ಸರಿ. ಒಂದು ದಿನ ಬಿಗಿ ಒಂದು ದಿನ ಸಡಿಲ ಆದರೆ ಅವಳು ಸಡಿಲದ ದಿನಕ್ಕೇ ಕಾಯುತ್ತಾಳೆ. ಅತ್ತರೆ ಅಳಲಿ. ಪಾವಗಡದಲ್ಲಿ ನಮ್ಮತ್ತೆಯ ಹತ್ತಿರ ಬಿಟ್ಟಿದ್ದರೆ ಅಳುವ ಮೊದಲೇ ಬಾಯಿಗೆ ಲಡ್ಡು ಬಿದ್ದಿರುತ್ತಿತ್ತು. ಮುತ್ತುರಾಜು ಅಂತೂ ಸೋಲಾರ್ ಪ್ಲಾಂಟಿನ ಪಾಳಿ ಮುಗಿಸಿ ಬಂದರೆ ಮಗಳನ್ನು ಹೆಗಲಿಂದ ಇಳಿಸುವವರಲ್ಲ. ನಿನ್ನ ಹತ್ತಿರ ಬಿಟ್ಟದ್ದೇ ಇದಕ್ಕೆ. ಅಮ್ಮ ದೂರ ಇದ್ದಾಳೆ ಪಾಪ ಎಂದು ಯಾರಾದರೂ ಹೇಳಿದರೆ ಕೇಳಬೇಡ. ನನ್ನ ಮೇಲೆ ಮರುಕಪಟ್ಟು ಬಿಟ್ಟುಕೊಡಬೇಡ.

ಜನವರಿ ಕೊನೆಗೆ ಪಾಸಿಂಗ್ ಔಟ್ ಪೆರೇಡ್. ವೇದಿಕೆ ದಾಟುವಾಗ ಎಲ್ಲರೂ ಒಟ್ಟಿಗೆ ಬಲಕ್ಕೆ ಮುಖ ತಿರುಗಿಸಬೇಕು. ಮನೆಯವರು ಕೂರುವುದು ಆ ಕಡೆಗೇ. ಈಗ ದಿನಾ ಖಾಲಿ ಕುರ್ಚಿಗಳ ಕಡೆ ಮುಖ ತಿರುಗಿಸುತ್ತೇವೆ. ಮುಂದಿನ ಸಾಲಿನ ಒಂದು ಕುರ್ಚಿಯ ಮೇಲೆ ನಾನು ಅವಳನ್ನು ಕೂರಿಸಿಕೊಂಡೇ ನಡೆಯುತ್ತೇನೆ. ಅದಿಲ್ಲದಿದ್ದರೆ ಈ ಬಿಸಿಲಲ್ಲಿ ಕಾಲು ಏಳುವುದಿಲ್ಲ.

ನಿನ್ನ
ಮಾನಸ


ಪುರವರ
20 ಅಕ್ಟೋಬರ್ 2024

ಮಾನಸಾ,

ನಿನ್ನ ಮಗಳು ಜಗಲಿಗೆ ಒಗ್ಗಿಕೊಂಡಳು. ಅಲ್ಲಿ ಕೂತು ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಿದ್ದಳು. ಅದಕ್ಕೆ ಶಿಕ್ಷೆ ಬದಲಾಯಿಸಿದೆ. ಭಾನುವಾರ ಮಧುಗಿರಿಗೆ ಹೋಗಿ ಮಸಾಲೆ ದೋಸೆ ತಿನ್ನುವುದು ನಮ್ಮಿಬ್ಬರ ಪದ್ಧತಿ. ಹೋದ ಭಾನುವಾರ ಬೆಳಿಗ್ಗೆ ಹೊಸ ಫ್ರಾಕ್ ಹಾಕಿಕೊಂಡು, ಜಯಣ್ಣನಿಗೆ ತೋರಿಸಬೇಕೆಂದು ರಸ್ತೆ ದಾಟಿ ಓಡಿದಳು. ಮಧುಗಿರಿ ಇಲ್ಲ ಎಂದೆ. ನಂಬಲಿಲ್ಲ. ಬಸ್ಸು ಬಂತು, ನಿಂತಿತು, ಹೋಯಿತು. ಆಮೇಲೆ ನಂಬಿದಳು. ದೋಸೆಯ ಆಸೆ ಅವಳಿಗಿಂತ ನನಗೇ ಹೆಚ್ಚಿತ್ತು, ಟು ಬಿ ಫ್ರ್ಯಾಂಕ್. ಸಂಜೆಯವರೆಗೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕಾಲೇಜು ಬಿಟ್ಟು ನಾನು ಶಿರಾ–ಪಾವಗಡ ಬಸ್ಸಿನಲ್ಲಿ ಕಂಡಕ್ಟರಾದಾಗ ಕಲಿತದ್ದು ಇದು. ಟಿಕೆಟ್ ತೆಗೆಯದವನಿಗೆ ಮುಂದಿನ ಸ್ಟಾಪಿನಲ್ಲಿ ಇಳಿಸುತ್ತೇನೆ ಎಂದರೆ ಇಳಿಸಬೇಕು. ಇಳಿಸದೆ ಮದಲೂರಿನವರೆಗೂ ಬೈದುಕೊಂಡೇ ಹೋದೆಯೋ, ಮರುದಿನ ಇಡೀ ಬಸ್ಸು ನಿನ್ನ ಮುಖ ನೋಡಿ ನಗುತ್ತದೆ. ಬೈಗುಳಕ್ಕೆ ಯಾರೂ ಇಳಿಯುವುದಿಲ್ಲ.

ಗುರುವಾರದ ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ. ನಾನು ಸೊಪ್ಪಿನವಳ ಹತ್ತಿರ ನಿಂತಿದ್ದೆ. ಇವಳು ದಾಟಿದಳು. ಕಲ್ಲುಚಪ್ಪಡಿ ತುಂಬಿದ ಲಾರಿ. ಅವನು ಬ್ರೇಕ್ ಒತ್ತಿದ ಸದ್ದಿಗೆ ಬೀದಿಯವರೆಲ್ಲ ಹೊರಗೆ ಬಂದರು. ಲಾರಿಯ ಮೂತಿ ಅವಳಿಂದ ಎಷ್ಟು ದೂರವಿತ್ತು ಎಂದು ಬರೆಯುವುದಿಲ್ಲ. ಡ್ರೈವರ್ ಇಳಿದು ತೆಲುಗಿನಲ್ಲಿ ನನ್ನ ವಂಶವನ್ನೆಲ್ಲ ಬೈದ. ಬೈಯಲಿ ಎಂದು ನಿಂತುಕೊಂಡೆ.

ಆಮೇಲೆ ಅಲ್ಲೇ ಎಲ್ಲರ ಮುಂದೆ ಹೇಳಿದೆ. “ಇನ್ನೊಂದ್ಸಲ ಒಬ್ಳೇ ದಾಟಿದ್ರೆ ನಿಮ್ಮಮ್ಮನ ಪೆರೇಡಿಗೆ ನೀನು ಬರಂಗಿಲ್ಲ.”

ಇದು ಬಾಯಿಗೆ ಹೇಗೆ ಬಂತೋ ತಿಳಿಯದು. ಅವಳಿಗೆ ಅದಕ್ಕಿಂತ ದೊಡ್ಡದು ಬೇರೆ ಇಲ್ಲ ಎಂದು ಗೊತ್ತಿತ್ತು, ಅದಕ್ಕೇ ಬಂದಿರಬೇಕು. ಅವಳು ತಲೆಯಾಡಿಸಿದಳು. ಅಂದಿನಿಂದ ದಾಟಿಲ್ಲ.

ನಿನ್ನ ತಂದೆ
ಸಿದ್ದಗಂಗಯ್ಯ


ಪುರವರ
15 ಡಿಸೆಂಬರ್ 2024

ಮಾನಸಾ,

ದಾಟಿದಳು.

ನಿನ್ನ ಅತ್ತೆ ನಾಗರತ್ನಮ್ಮನವರು ನಿನ್ನೆ ಹೇಳದೆ ಕೇಳದೆ ಪಾವಗಡದಿಂದ ಬಂದರು. ಜಯಣ್ಣನ ಅಂಗಡಿಯ ಮುಂದೆ ಬಸ್ಸಿನಿಂದ ಇಳಿದು, ಚೀಲ ಕೆಳಗಿಟ್ಟು, ಎರಡೂ ಕೈ ಚಾಚಿ, “ರಾವೇ ನಾ ಬಂಗಾರು ತಲ್ಲಿ” ಎಂದು ತೆಲುಗಿನಲ್ಲಿ ಕೂಗಿ ಕರೆದರು. ಮಗು ಈ ಬದಿಯಲ್ಲಿತ್ತು. ನನ್ನನ್ನು ನೋಡಿತು, ಅವರನ್ನು ನೋಡಿತು. “ನಿಲ್ಲು” ಎಂದೆ. ಓಡಿತು.

ರಸ್ತೆಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ. ಅದನ್ನೂ ಬರೆಯುತ್ತೇನೆ, ಯಾಕೆಂದರೆ ಬೀದಿಯವರೆಲ್ಲ ಅದನ್ನೇ ಹೇಳುತ್ತಿದ್ದಾರೆ.

ಪೆರೇಡಿನ ಮಾತು ಕೇಳಿದ ಮೇಲೆ ನಿನ್ನ ಅತ್ತೆ ತಂದಿದ್ದ ಹೋಳಿಗೆಯ ಡಬ್ಬಿ ತೆಗೆಯಲೂ ಇಲ್ಲ.

“ಏಮಣ್ಣಾ, ಕರೆದಿದ್ದು ನಾನು. ತಪ್ಪು ನಂದು. ನನ್ನ ಕೂರ್ಸು ಜಗಲಿ ಮೇಲೆ.”

“ನಿಮಗೆ ನಾನೇನೂ ಹೇಳಿರ್ಲಿಲ್ಲ ನಾಗರತ್ನಮ್ಮ. ಹೇಳಿದ್ದು ಅವಳಿಗೆ.”

“ಚಿನ್ನಪಿಲ್ಲ ಅಣ್ಣಾ ಅದು, ಸಣ್ಣ ಮಗು. ಅಮ್ಮನ್ನ ನೋಡಿ ಎಷ್ಟ್ ತಿಂಗಳಾಯ್ತು. ನೀನೇನ್ ಮನುಷ್ಯನಾ, ಮಧುಗಿರಿ ಬೆಟ್ಟಾನಾ?”

“ಬೆಟ್ಟಾನೇ ಅಂದ್ಕೊಳ್ಳಿ.”

ಅವರು ಮಧ್ಯಾಹ್ನದ ಬಸ್ಸಿಗೇ ಹೊರಟರು. ಮಗು ಅವರಿಗೆ ಕೈ ಬೀಸಿ ಒಳಗೆ ಬಂದು, “ನಾನು ಹೋಗಂಗಿಲ್ಲ ಅಲ್ವಾ ತಾತ?” ಎಂದು ಕೇಳಿತು. ಇಲ್ಲ ಎಂದೆ. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಪೆರೇಡಿಗೆ ಅವಳನ್ನು ಕರೆತರುವುದಿಲ್ಲ. ನಿನಗೆ ಮೊದಲೇ ತಿಳಿದಿರಲಿ ಎಂದು ಬರೆದಿದ್ದೇನೆ.

ಅಪ್ಪ


ಟ್ರೈನಿಂಗ್ ಶಾಲೆ
24 ಡಿಸೆಂಬರ್ 2024

ಅಪ್ಪಾ,

ಈ ಶಿಕ್ಷೆ ಯಾರಿಗೆ?

ಪೆರೇಡ್ ಎಂದರೆ ಏನು ಎಂದು ಅವಳಿಗೆ ಸರಿಯಾಗಿ ಗೊತ್ತೂ ಇಲ್ಲ. ಒಂದು ದಿನ ಅಳುತ್ತಾಳೆ, ಮರುದಿನ ಮರೆಯುತ್ತಾಳೆ. ಆ ಕುರ್ಚಿ ಖಾಲಿ ಕಾಣುವುದು ನನಗೆ. ಎಂಟು ತಿಂಗಳಿಂದ ನಾನು ಯಾರ ಮುಖ ನೆನೆದು ನಡೆದೆ ಎಂದು ನಿನಗೆ ಬರೆದಿದ್ದೆ. ಅದನ್ನೇ ಹುಡುಕಿ ತೆಗೆದು ಬೀದಿಯಲ್ಲಿ ಅವಳಿಗೆ ಹೇಳಿಬಿಟ್ಟೆ.

ಶಿಕ್ಷೆ ಕೊಡಬೇಡ ಎನ್ನುತ್ತಿಲ್ಲ. ಬೇರೆ ಕೊಡು. ಮಧುಗಿರಿ ನಿಲ್ಲಿಸು, ಟಿವಿ ನಿಲ್ಲಿಸು, ಸಿಹಿ ನಿಲ್ಲಿಸು. ಅಜ್ಜಿ ಕರೆದರೆ ಯಾವ ಮಗು ಓಡುವುದಿಲ್ಲ?

ಹೋದ ಭಾನುವಾರ ಫೋನಿನಲ್ಲಿ ನಾನು “ಪುಟ್ಟಾ” ಎಂದೆ. “ಯಾರು ಮಾತಾಡೋದು?” ಎಂದಳು. ನಿನಗೆ ಕೇಳಿಸಿತೋ ಇಲ್ಲವೋ.

ಅವಳನ್ನು ಕರೆದುಕೊಂಡು ಬಾ ಅಪ್ಪ. ಕೇಳಿಕೊಳ್ಳುತ್ತಿದ್ದೇನೆ.

ಮಾನಸ


ಪುರವರ
5 ಜನವರಿ 2025

ಮಾನಸಾ,

ಕೇಳಿಸಿತು. ಪಕ್ಕದಲ್ಲೇ ಇದ್ದೆ.

ನಿನ್ನ ಆಗಸ್ಟ್ ತಿಂಗಳ ಕಾಗದ ನನ್ನ ಮುಂದಿದೆ. ‘ನನ್ನ ಮೇಲೆ ಮರುಕಪಟ್ಟು ಬಿಟ್ಟುಕೊಡಬೇಡ.’ ಇದು ನಿನ್ನ ಕೈಬರಹವೇ ಅಲ್ಲವೇ? ಕಾನೂನು ನೀನು ಮಾಡಿದ್ದು, ನಾನು ನಡೆಸಿದ್ದು. ಈಗ ಕಾನೂನು ಮಾಡಿದವಳ ಬಾಗಿಲಿಗೇ ಬಂತು ಎಂದು ತಿದ್ದುಪಡಿ ಕೇಳುತ್ತಿದ್ದೀಯ. ಪೊಲೀಸ್ ಆಗುವವಳು ನೀನು, ನಾನಲ್ಲ.

ದೊಡ್ಡ ಮಾತಾಡಿದೆ ಎನ್ನುವುದು ನಿಜ. ಸಣ್ಣದು ಹೇಳಬಹುದಿತ್ತು. ಆದರೆ ಲಾರಿ ಸಣ್ಣದಾಗಿರಲಿಲ್ಲ.

ಬೀದಿಯವರೆಲ್ಲ ನಾನು ಯಾವಾಗ ಬಗ್ಗುತ್ತೇನೆ ಎಂದು ಕಾಯುತ್ತಿದ್ದಾರೆ. ಜಯಣ್ಣ ತಾನೇ ಕಾರು ಮಾಡಿ ಕರೆದೊಯ್ಯುತ್ತೇನೆ ಎಂದ. ಹನುಮಕ್ಕ ದಿನಾ ಬೆಳಿಗ್ಗೆ ಸಂಧಾನಕ್ಕೆ ಬರುತ್ತಾಳೆ.

“ನಮ್ಮಕ್ಕ ನೊಂದ್ಕೊಳ್ತಾಳೆ ಕಣಣ್ಣ. ಮಗಳು ಕಾಕಿ ಹಾಕೋದ್ ನೋಡಕ್ಕೇ ಅವ್ಳು ತಿರುಗ್ ಬಂದಿರೋದು.”

“ಅದನ್ನ ನೋಡಕ್ಕೆ ಬಂದಿದ್ರೆ ರೋಡ್ ನೋಡ್ಕೊಂಡ್ ದಾಟ್ತಿದ್ಲು.”

“ನಿನ್ ಎದೆ ಕಲ್ಲು ಬುಡು.”

ಇರಲಿ. ನಾಟ್‌ವಿತ್‌ಸ್ಟ್ಯಾಂಡಿಂಗ್ ಅಂತ ಕಾಲೇಜಿನಲ್ಲಿ ಒಂದು ಪದ ಹೇಳಿಕೊಟ್ಟಿದ್ದರು. ಯಾರು ಏನೇ ಹೇಳಿದರೂ, ಎಂದು ಅರ್ಥವಿರಬೇಕು. ಅದನ್ನು ಎಲ್ಲಿ ಹಾಕಬೇಕೋ ಇಷ್ಟು ದಿನ ತಿಳಿದಿರಲಿಲ್ಲ. ಇಲ್ಲಿ ಹಾಕುತ್ತಿದ್ದೇನೆ.

ಅಜ್ಜಿ ಕರೆದರೆ ಯಾವ ಮಗು ಓಡುವುದಿಲ್ಲ ಎಂದು ಕೇಳಿದ್ದೀಯ. ಎಲ್ಲವೂ ಓಡುತ್ತವೆ. ಯಾರೂ ಕರೆಯದಿದ್ದಾಗ ನಿಲ್ಲುವುದನ್ನು ಕಲಿಸಲು ತಾತ ಯಾಕೆ ಬೇಕು? ಪ್ರೀತಿಯಿಂದ ಕೈ ಚಾಚಿದವರು ಆಚೆ ಬದಿಯಲ್ಲಿದ್ದಾಗಲೂ ನಿಲ್ಲಬೇಕು. ಆ ಲಾರಿಯವನಿಗೆ ಆಚೆ ನಿಂತವರು ಯಾರೆಂದು ಗೊತ್ತಿರುವುದಿಲ್ಲ.

ನಿಮ್ಮಮ್ಮನನ್ನು ನಾನು ಒಂದು ಸಲ ಕಳೆದುಕೊಂಡಿದ್ದೇನೆ. ಇವರು ಹೇಳುವ ಹಾಗೆ ಅವಳೇ ತಿರುಗಿ ಬಂದಿದ್ದರೆ ಇನ್ನೊಂದು ಸಲ ಕಳೆದುಕೊಳ್ಳಲು ನಾನು ತಯಾರಿಲ್ಲ. ಬಂದಿಲ್ಲದಿದ್ದರೂ ತಯಾರಿಲ್ಲ.

ಆ ದಿನ ಮಗುವನ್ನು ಹನುಮಕ್ಕನ ಹತ್ತಿರ ಬಿಟ್ಟು ನಾನೊಬ್ಬನೇ ಬರುತ್ತೇನೆ.

ಅಪ್ಪ


ಟ್ರೈನಿಂಗ್ ಶಾಲೆ
14 ಜನವರಿ 2025

ಅಪ್ಪಾ,

ಹಾಗಾದರೆ ನೀನೂ ಬರಬೇಡ.

ಮಾನಸ


ಪುರವರ
23 ಫೆಬ್ರವರಿ 2025

ಮಾನಸಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಈಗ ಕಾಗದ ಬರೆಯಲು ಟ್ರೈನಿಂಗ್ ಶಾಲೆಯ ನೆಪವೂ ಇಲ್ಲ. ಕೊರಟಗೆರೆ ಪೊಲೀಸ್ ಕ್ವಾರ್ಟರ್ಸ್ ಎಂದು ಬರೆದು ಹಾಕುತ್ತಿದ್ದೇನೆ. ಹರಿದು ಹಾಕುವುದಾದರೆ ಓದಿ ಹರಿ.

ಪೆರೇಡಿನ ದಿನ ನಾವಿಬ್ಬರೂ ಮನೆಯಲ್ಲೇ ಇದ್ದೆವು. ನಾನು ಅವರೆಕಾಯಿ ಸುಲಿಯುತ್ತಿದ್ದೆ, ಅವಳು ಸಿಪ್ಪೆಯನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ಏನದು ಎಂದರೆ, ಅಮ್ಮನ ಪೆರೇಡ್ ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು.

“ತಾತ, ನೀನು ನನ್ ಗಂಡ ಅಂತೆ. ಹನುಮಕ್ಕ ಹೇಳಿದ್ಲು.”

“ಗಂಡನೂ ಅಲ್ಲ ಗಿಂಡನೂ ಅಲ್ಲ.”

“ಗಂಡ ಆಗಿದ್ರೆ ಕರ್ಕೊಂಡ್ ಹೋಗ್ತಿದ್ದೆ ಅಲ್ವಾ?”

ನಾನು ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದೆ. ಒಳಗೆ ಏನು ಕೆಲಸವಿತ್ತು ಎಂದು ಕೇಳಬೇಡ.

ಅಳಿಯಂದಿರು ವಿಡಿಯೋ ಕಳಿಸಿದ್ದರು. ಅಂದು ತೋರಿಸಲಿಲ್ಲ, ಮರುದಿನ ತೋರಿಸಿದೆ. ಎಲ್ಲರೂ ಬಲಕ್ಕೆ ಮುಖ ತಿರುಗಿಸುವ ಜಾಗ ಬಂದಾಗ ಅವಳು, “ಅಮ್ಮ ಯಾರನ್ನ ಹುಡುಕ್ತಿದಾಳೆ?” ಎಂದಳು. ನಾನು ಕನ್ನಡಕ ಹಾಕಿರಲಿಲ್ಲ.

ಈಗ ನೀನು ಬಂದ ದಿನದ ವಿಷಯ. ಅದಕ್ಕಾಗಿಯೇ ಈ ಕಾಗದ. ಜಯಣ್ಣನ ಅಂಗಡಿಯ ಮುಂದೆ ಖಾಕಿಯಲ್ಲೇ ಇಳಿದೆ. ಮಂಡಿಯೂರಿ ಕೈ ಚಾಚಿದೆ. ಇವಳು ಈ ಬದಿಯಲ್ಲಿ ನಿಂತೇ ಇದ್ದಳು. ನೀನು ಕೈ ಇಳಿಸಿದ್ದನ್ನು ನೋಡಿದೆ. ದಾಟಿ ಬಂದು ನನಗೆ ಹೇಳಿದ್ದು ಒಂದೇ ಮಾತು, “ನನ್ನ ಮಗಳು ನನ್ನನ್ನೇ ಗುರುತು ಹಿಡಿಯದ ಹಾಗೆ ಮಾಡಿದೀಯ.” ಅಂದು ಸಂಜೆಯ ಬಸ್ಸಿಗೇ ಅವಳ ಬಟ್ಟೆ ಕಟ್ಟಿಕೊಂಡು ಹೊರಟೆ. ನನಗೆ ಬಾಯಿ ತೆಗೆಯಲು ಬಿಡಲಿಲ್ಲ.

ನೀನು ಇದ್ದದ್ದು ಆಚೆ ಬದಿ. ನಾನು ಅವಳ ಹಿಂದೆ ಇದ್ದೆ. ನಿನಗೆ ಕಂಡದ್ದು ಅವಳ ಮುಖ ಮಾತ್ರ. ನನಗೆ ಕಂಡದ್ದು ಅವಳ ಕಾಲು. ನಿಂತಲ್ಲೇ ಕುಣಿಯುತ್ತಿದ್ದವು. ಒಂದು ಕೈ ಹಿಂದಕ್ಕೆ ಚಾಚಿ ಬೆರಳು ಆಡಿಸುತ್ತಿದ್ದಳು. “ತಾತ ಬೇಗ ಬಾ, ಅಮ್ಮ ಬಂದ್ಲು, ಕೈ ಹಿಡ್ಕೋ.” ನನ್ನ ಮೊಣಕಾಲಿಗೆ ಜಗಲಿ ಇಳಿಯುವುದು ತಡವಾಯಿತು. ತಪ್ಪು ಏನಾದರೂ ಇದ್ದರೆ ಆ ಮೊಣಕಾಲಿನದು.

ಅಷ್ಟರಲ್ಲಿ ನೀನೇ ದಾಟಿ ಬಂದೆ, ಎರಡೂ ಕಡೆ ನೋಡದೆ. ಅವಳು ಅದನ್ನೂ ಗಮನಿಸಿದಳು. “ಅಮ್ಮ ನೋಡ್ಲೇ ಇಲ್ಲ” ಎಂದು ನನಗೆ ಹೇಳಿದಳು. ನೀನು ಅಳುತ್ತಿದ್ದೆ, ಕೇಳಿಸಿರಲಾರದು.

ಕ್ಷಮಿಸು ಎಂದು ಬರೆಯಲು ಕೂತವನಲ್ಲ ನಾನು. ನಾಳೆ ಇದೇ ಆದರೆ ನಾಳೆಯೂ ಹೀಗೇ ಮಾಡುತ್ತೇನೆ. ಆದರೆ ಅವಳು ನಿನ್ನ ಗುರುತು ಹಿಡಿಯಲಿಲ್ಲ ಎಂದು ನೀನು ಅಂದುಕೊಂಡಿರಬಾರದು. ಅಷ್ಟೇ.

ಸಿದ್ದಗಂಗಯ್ಯ


ಕೊರಟಗೆರೆ
20 ಮಾರ್ಚ್ 2025

ಅಪ್ಪಾ,

ಕಾಗದ ಬಂದು ತುಂಬ ದಿನವಾಯಿತು. ಹರಿದಿಲ್ಲ.

ನಿನಗೆ ಫೋನ್ ಮಾಡಲು ಮನಸ್ಸಾಗದೆ ಹನುಮಕ್ಕನಿಗೆ ಮಾಡಿ, ಯುಗಾದಿಗೆ ಮಗುವನ್ನು ಕರೆದುಕೊಂಡು ಬರುತ್ತೇನೆ ಎಂದು ಹೇಳಿದ್ದೆ. ಅವಳು ಅಂದೇ ನಿನಗೆ ಹೇಳಿರುತ್ತಾಳೆ.

ಇವಳು ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಮಗುವನ್ನು ಕಚ್ಚಿದಳು. ಎರಡು ಸಲ ಹೇಳಿದೆ. ಮೂರನೆಯ ಸಲ ಕಚ್ಚಿದಾಗ ಆ ಮಗುವಿನ ತೋಳಲ್ಲಿ ರಕ್ತ. ನಾನು ಡ್ಯೂಟಿ ಮುಗಿಸಿ ಆಗ ತಾನೆ ಬಂದಿದ್ದೆ, ಬೂಟು ಕೂಡ ಬಿಚ್ಚಿರಲಿಲ್ಲ. “ಇನ್ನೊಂದು ಸಲ ಕಚ್ಚಿದರೆ ಹಬ್ಬಕ್ಕೆ ತಾತನ ಮನೆಗಿಲ್ಲ” ಎಂದುಬಿಟ್ಟೆ. ಅವಳಿಗೆ ಅದಕ್ಕಿಂತ ದೊಡ್ಡದು ಬೇರೆ ಇರಲಿಲ್ಲ. ದಿನಾ ಎದ್ದ ಕೂಡಲೇ ಹಬ್ಬ ಯಾವಾಗ ಎಂದು ಕೇಳುತ್ತಿದ್ದಳು.

ನಿನ್ನೆ ಕಚ್ಚಿದಳು.

ರಾತ್ರಿಯೆಲ್ಲ ಬೇರೆ ದಾರಿ ಹುಡುಕಿದೆ. ತಾತನಿಗೆ ಯಾಕೆ ಶಿಕ್ಷೆ ಎಂದು ನನಗೆ ನಾನೇ ವಾದ ಮಾಡಿದೆ. ಬೆಳಿಗ್ಗೆ ಅವಳೇ ಬಂದು, “ಹೋಗಂಗಿಲ್ಲ ಅಲ್ವಾ ಅಮ್ಮ?” ಎಂದಳು. ನನ್ನ ಮುಖವನ್ನೇ ನೋಡುತ್ತಿದ್ದಳು. ಇಲ್ಲ ಎಂದೆ.

ಹಬ್ಬಕ್ಕೆ ನಾವು ಬರುವುದಿಲ್ಲ ಅಪ್ಪ.

ಮಾನಸ


ಪುರವರ
25 ಮಾರ್ಚ್ 2025

ಮಾನಸಾ,

ಬರಬೇಡಿ.

ಅಳಿಯಂದಿರು ನಿನ್ನೆ ಫೋನ್ ಮಾಡಿ, ನೀನು ಡ್ಯೂಟಿಗೆ ಹೋದ ಮೇಲೆ ಅವಳನ್ನು ಗುಟ್ಟಾಗಿ ಕರೆತರುತ್ತೇನೆ ಎಂದರು. ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದಿದ್ದೇನೆ. ನಿನ್ನ ಅತ್ತೆ ಹಿಂದಿನಿಂದ ನನ್ನನ್ನು ಏನೋ ಬೈದರು, ತೆಲುಗಿನಲ್ಲಿ.

ಹನುಮಕ್ಕ ಹೂರಣಕ್ಕೆ ಬೇಳೆ ಅಳೆದು ತಂದಿದ್ದಳು. ವಾಪಸು ತೆಗೆದುಕೊಂಡು ಹೋಗು ಎಂದೆ.

“ಅವ್ವನೂ ಮಗಳೂ ನಿನ್ ಥರಾನೇ ಆದ್ರಲ್ಲಣ್ಣ. ಒಂದ್ ಫೋನ್ ಮಾಡು, ‘ಬಾ’ ಅನ್ನು, ಓಡ್ ಬತ್ತಾಳೆ.”

“ಓಡ್ ಬತ್ತಾಳೆ ಅಂತಾನೇ ಮಾಡಲ್ಲ.”

ಅವಳು ಹಬ್ಬದ ದಿನ ಅತ್ತರೆ ಅಳಲಿ. ನೀನು ಒಳಗೆ ಹೋಗಿ ಅಳು. ಅವಳ ಮುಂದೆ ಬೇಡ. ಮರುದಿನ ಹೊಸದಾಗಿ ಶುರು ಮಾಡು, ಹಳೆಯದನ್ನು ಮತ್ತೆ ಎತ್ತಬೇಡ.

ನನ್ನ ಬಗ್ಗೆ ಯೋಚನೆ ಬೇಡ. ಹಬ್ಬದ ದಿನ ಬೆಳಿಗ್ಗೆ ಎಣ್ಣೆ ನೀರು ಹಾಕಿಕೊಂಡು, ಬಾಗಿಲಿಗೆ ಬೇವು ಮಾವು ಕಟ್ಟಿ, ಒಳಗೆ ಕೂತು ಪೇಪರ್ ಓದುತ್ತೇನೆ. ಕೊರಟಗೆರೆ ಕಡೆಯಿಂದ ಬರುವ ಬಸ್ಸುಗಳತ್ತ ತಿರುಗಿಯೂ ನೋಡುವುದಿಲ್ಲ.

ಅಪ್ಪ